ಆಂಡ್ರ್ಯೂ ಫಿಶರ್ ಹತ್ತಿದ ಏಣಿ

ಊರು ಬಿಟ್ಟು ಬಂದವರು ಬಂದ ಊರಿನ ರಾಜಕೀಯಕ್ಕೆ ಕೈ ಹಾಕಬೇಕಾ, ಬೇಡವಾ? ಪರದೇಶದಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ಈ ಮಾತು ಬಂದೇ ಬರುತ್ತೆ. ಹೆಚ್ಚಿನವರ ಉತ್ತರ ಒಂದೇ. "ನಮಗ್ಯಾಕ್ರೀ ಅದೆಲ್ಲ? ದುಡಿಯೋಕೆ ಬಂದಿದ್ದೀವಿ, ದುಡಿಯೋಣ, ಮಕ್ಕಳನ್ನ ಓದಿಸೋಣ. ಅವರ ಊರು, ಅವರ ರಾಜಕೀಯ." ಹೀಗೆ ಹೇಳುವುದು ವಿನಯ ಅಂತ ನಾವು ಅಂದುಕೊಂಡುಬಿಟ್ಟಿದ್ದೇವೆ. ನನಗೇನೋ ಅದರಲ್ಲಿ ವಿನಯಕ್ಕಿಂತ ಭಯವೇ ಹೆಚ್ಚು ಕಾಣುತ್ತೆ. ಜೊತೆಗೆ ಸ್ವಲ್ಪ ಸೋಮಾರಿತನ.

2025ರ ಆಗಸ್ಟ್ 31ರಂದು ಸಿಡ್ನಿ, ಮೆಲ್ಬರ್ನ್ ಸೇರಿದಂತೆ ಆಸ್ಟ್ರೇಲಿಯಾದ ದೊಡ್ಡ ಊರುಗಳಲ್ಲೆಲ್ಲ ವಲಸೆಯ ವಿರುದ್ಧ ಮೆರವಣಿಗೆ ನಡೆಯಿತಲ್ಲ, ಅದರ ಪ್ರಚಾರದ ಕರಪತ್ರದಲ್ಲಿ ಭಾರತೀಯರ ಹೆಸರನ್ನೇ ಎತ್ತಿ ಹೇಳಿದ್ದರು. ಅದಾದ ಮೇಲೆ "ತಲೆ ತಗ್ಗಿಸಿಕೊಂಡು ಇದ್ದುಬಿಡೋಣ" ಅನ್ನುವವರಿಗೆ ಇನ್ನೊಂದು ಕಾರಣ ಸಿಕ್ಕ ಹಾಗಾಯಿತು. ನಾನು ಹೇಳೋದು ಇದಕ್ಕೆ ತದ್ವಿರುದ್ಧ. ಅದಕ್ಕೆ ಅದೇ ದೇಶಕ್ಕೆ ನೂರನಲವತ್ತು ವರ್ಷದ ಹಿಂದೆ ಬಂದ ಒಬ್ಬ ವಲಸಿಗನನ್ನು ಸಾಕ್ಷಿಗೆ ಕರೆಯುತ್ತಿದ್ದೇನೆ. ಸಾಕ್ಷಿ ಪೂರ್ತಿ ನನ್ನ ಕಡೆಗೇ ಮಾತಾಡುವವನಲ್ಲ ಅನ್ನೋದನ್ನ ಮೊದಲೇ ಹೇಳಿಬಿಡುತ್ತೇನೆ.

ಆತನ ಹೆಸರು ಆಂಡ್ರ್ಯೂ ಫಿಶರ್. 1862ರಲ್ಲಿ ಸ್ಕಾಟ್ಲೆಂಡಿನ ಏರ್‌ಶೈರ್ ಸೀಮೆಯ ಕ್ರಾಸ್‌ಹೌಸ್ ಅನ್ನುವ ಕಲ್ಲಿದ್ದಲು ಹಳ್ಳಿಯಲ್ಲಿ ಹುಟ್ಟಿದವನು. ಅಪ್ಪ ಗಣಿ ಕಾರ್ಮಿಕ. ಮಗನೂ ಇನ್ನೂ ಹುಡುಗನಾಗಿದ್ದಾಗಲೇ ಶಾಲೆ ಬಿಟ್ಟು ಗಣಿಗೆ ಇಳಿದ. ಆದರೆ ಆ ಬಡ ಹಳ್ಳಿಯಲ್ಲಿ ಎರಡು ಒಳ್ಳೆಯ ವಿಷಯಗಳಿದ್ದವು. ಒಂದು, ಕಾರ್ಮಿಕರೇ ಸೇರಿ ಕಟ್ಟಿಕೊಂಡ ಸಹಕಾರಿ ಸಂಘ. ಅದನ್ನು ಕಟ್ಟಿದವರಲ್ಲಿ ಫಿಶರನ ಅಪ್ಪನೂ ಒಬ್ಬ. ಇನ್ನೊಂದು, ಕೆಲಸ ಮುಗಿದ ಮೇಲೆ ಓದುವುದಕ್ಕೆ ಪುಸ್ತಕ, ಸಂಜೆ ಪಾಠ. ಹಗಲು ನೆಲದ ಕೆಳಗೆ, ರಾತ್ರಿ ಪುಸ್ತಕದ ಮುಂದೆ. ಹುಡುಗ ಬೆಳೆದದ್ದು ಹೀಗೆ.

ಹದಿನೇಳನೇ ವಯಸ್ಸಿಗೇ ಏರ್‌ಶೈರ್ ಗಣಿ ಕಾರ್ಮಿಕರ ಸಂಘದ ತನ್ನೂರಿನ ಶಾಖೆಗೆ ಕಾರ್ಯದರ್ಶಿಯಾದ. ಅಲ್ಲಿ ಕೀರ್ ಹಾರ್ಡಿಯ ಪರಿಚಯ. ಮುಂದೆ ಬ್ರಿಟನ್ನಿನಲ್ಲಿ ಲೇಬರ್ ಪಕ್ಷ ಕಟ್ಟಿದವರಲ್ಲಿ ಮೊದಲಿಗ ಅನ್ನಿಸಿಕೊಂಡ ಅದೇ ಹಾರ್ಡಿ. 1881ರಲ್ಲಿ ದೊಡ್ಡ ಮುಷ್ಕರ ಆಯಿತು, ಸೋತಿತು. ಸೋತ ಮುಷ್ಕರದ ಕಾರ್ಯದರ್ಶಿಗೆ ಏನಾಗುತ್ತೆ ಅಂತ ಯೂನಿಯನ್ ನೋಡಿದವರಿಗೆ ಹೇಳಬೇಕಿಲ್ಲ. ಕೆಲಸ ಹೋಯಿತು, ಗಣಿ ಮಾಲೀಕರ ಕಪ್ಪುಪಟ್ಟಿಗೆ ಹೆಸರು ಸೇರಿತು. 1885ರಲ್ಲಿ ತಮ್ಮ ಜೇಮ್ಸ್‌ನನ್ನು ಕರೆದುಕೊಂಡು ಹಡಗು ಹತ್ತಿದ. ಆಗಸ್ಟಿನಲ್ಲಿ ಕ್ವೀನ್ಸ್‌ಲ್ಯಾಂಡಿನಲ್ಲಿ ಇಳಿದಾಗ ಅವನಿಗೆ ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ.

ಅದೇ ಒಂದೆರಡು ವರ್ಷಗಳಲ್ಲಿ ಬ್ರಿಟನ್ನಿನಿಂದ ಬಂದಿಳಿದ ಇನ್ನಿಬ್ಬರು ಹುಡುಗರ ಹೆಸರು ಕೇಳಿ. 1884ರಲ್ಲಿ ಬಿಲ್ಲಿ ಹ್ಯೂಸ್, 1885ರ ಸುಮಾರಿಗೆ ಜೋಸೆಫ್ ಕುಕ್. ಕುಕ್ ಕೂಡ ಕಲ್ಲಿದ್ದಲು ಗಣಿಯವನೇ. ಮೂವರೂ ಇಪ್ಪತ್ತರ ಹರೆಯದವರು, ಮೂವರ ಜೇಬೂ ಖಾಲಿ. ಮೂವರೂ ಮುಂದೆ ಆಸ್ಟ್ರೇಲಿಯಾದ ಪ್ರಧಾನಿಗಳಾದರು! ಒಬ್ಬ ಆಗಿದ್ದರೆ ಅದೃಷ್ಟ ಅನ್ನಬಹುದಿತ್ತು. ಮೂರು ಜನ ಆದರು ಅಂದರೆ ಆ ನೆಲದಲ್ಲಿ ಏನೋ ಒಂದು ಏಣಿ ಇತ್ತು ಅಂತಲೇ ಅರ್ಥ. ಆ ಏಣಿ ಹೇಗಿತ್ತು ಅಂತ ಫಿಶರನ ಜೊತೆ ಒಂದೊಂದೇ ಮೆಟ್ಟಿಲು ಹತ್ತಿ ನೋಡೋಣ.

ಮೊದಲು ಬರಂ ಅನ್ನುವ ಕಡೆ ಕಲ್ಲಿದ್ದಲು ಗಣಿಯಲ್ಲಿ ಕೆಲಸ. 1888ರಲ್ಲಿ ಅಲ್ಲಿಂದ ಗಿಂಪಿಗೆ ಬಂದ. ಗಿಂಪಿ ಚಿನ್ನದ ಊರು. 1867ರಲ್ಲಿ ಜೇಮ್ಸ್ ನ್ಯಾಶ್ ಅನ್ನುವವನಿಗೆ ಅಲ್ಲಿ ಚಿನ್ನ ಸಿಕ್ಕಿ, ದಿವಾಳಿ ಅಂಚಿನಲ್ಲಿದ್ದ ಕ್ವೀನ್ಸ್‌ಲ್ಯಾಂಡಿಗೆ ಜೀವ ಬಂದಿತ್ತು. ಹಾಗಾಗಿ "ಕ್ವೀನ್ಸ್‌ಲ್ಯಾಂಡನ್ನು ಉಳಿಸಿದ ಊರು" ಅಂತ ಇವತ್ತಿಗೂ ಹೇಳುತ್ತಾರೆ. ಫಿಶರ್ ಬರುವ ಹೊತ್ತಿಗೆ ಹೊಳೆಯ ಮರಳು ಜಾಲಿಸಿ ಚಿನ್ನ ಹೆಕ್ಕುವ ಕಾಲ ಮುಗಿದಿತ್ತು. ಕಂಪನಿಗಳು ಆಳಕ್ಕೆ ಗಣಿ ಇಳಿಸಿ ಬಂಡೆ ಒಡೆಸುತ್ತಿದ್ದವು. ಅಂದರೆ ಅದೃಷ್ಟ ಹುಡುಕಿಕೊಂಡು ಬಂದವರೆಲ್ಲ ಕೂಲಿಯವರಾಗಿದ್ದರು. ಕಲ್ಲಿನ ಧೂಳು, ಕುಸಿತ, ಅಪಘಾತ, ಸತ್ತರೆ ಮನೆಯವರಿಗೆ ಸಿಗುವ ಪರಿಹಾರ... ಊರಿನ ಮಾತೆಲ್ಲ ಇವೇ.

ಗಿಂಪಿಯಲ್ಲಿ ಆತ ಮಾಡಿದ ಮೊದಲ ಕೆಲಸಗಳನ್ನು ನೋಡಿ. ಗಣಿ ಕಾರ್ಮಿಕರ ಸಂಘಕ್ಕೆ ಸೇರಿದ. ಸಹಕಾರಿ ಸಂಘದ ಕೆಲಸಕ್ಕೆ ನಿಂತ. ಅಪ್ಪನಿಂದ ಬಂದ ಗುಣ ಇರಬೇಕು. ಪ್ರೆಸ್ಬಿಟೀರಿಯನ್ ಚರ್ಚಿನ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ನೋಡಿಕೊಂಡ. ಕುಡಿತ ಮುಟ್ಟುತ್ತಿರಲಿಲ್ಲ. 1891ರ ಹೊತ್ತಿಗೆ ಸಂಘದ ಗಿಂಪಿ ಶಾಖೆಯ ಅಧ್ಯಕ್ಷ, ಜೊತೆಗೆ ಹೊಸದಾಗಿ ಹುಟ್ಟಿದ ಕಾರ್ಮಿಕರ ರಾಜಕೀಯ ಸಂಘಟನೆಗೂ ಅಧ್ಯಕ್ಷ. ಅದೇ ವರ್ಷ ಗಣಿಯ ಇಂಜಿನ್ ನಡೆಸುವ ಪರವಾನಗಿ ಪಡೆದುಕೊಂಡ. ಇದರಲ್ಲಿ ಒಂದಾದರೂ "ರಾಜಕೀಯಕ್ಕೆ ಧುಮುಕಿದ" ಅನ್ನುವಂಥದ್ದಿದೆಯಾ? ಭಾಷಣ ಇಲ್ಲ, ಹಾರ ಇಲ್ಲ. ಊರಿಗೆ ಬೇಕಾದ ಲೆಕ್ಕ ಬರೆಯುವುದು, ಸಭೆ ಕರೆಯುವುದು, ಮಕ್ಕಳಿಗೆ ಪಾಠ ಹೇಳುವುದು. ಇಂಥ ಚಿಕ್ಕ ಕೆಲಸಗಳನ್ನು ಮೂರು ವರ್ಷ ಮಾಡಿದ ಮೇಲೆ "ಇವನು ಎಲ್ಲಿಂದ ಬಂದವನು" ಅಂತ ಕೇಳುವವರು ಕಡಿಮೆಯಾಗುತ್ತಾರೆ. ಸ್ಥಳೀಯನಾಗುವುದು ಅಂದರೆ ಇದೇ ಅಂತ ನನ್ನ ನಂಬಿಕೆ. ಹುಟ್ಟಿನಿಂದ ಬರುವ ಸ್ಥಳೀಯತೆ ಒಂದು, ಊರಿನ ಚಾಕರಿಯಿಂದ ಬರುವುದು ಇನ್ನೊಂದು. ಎರಡನೆಯದನ್ನು ಗಳಿಸಬೇಕು.

1891ರಲ್ಲಿ ಕ್ವೀನ್ಸ್‌ಲ್ಯಾಂಡಿನ ಕುರಿ ಉಣ್ಣೆ ಕತ್ತರಿಸುವವರ ಮಹಾ ಮುಷ್ಕರ ನಡೆಯಿತು. ಸರ್ಕಾರ ಸೈನಿಕರನ್ನು ಕಳಿಸಿ ಮುರಿಯಿತು. ಮುಷ್ಕರದಿಂದ ಮಾತ್ರ ಆಗುವುದಿಲ್ಲ, ಕಾನೂನು ಮಾಡುವ ಕಡೆಯೇ ನಮ್ಮವರು ಕೂರಬೇಕು ಅನ್ನುವುದು ಆಗ ಕಾರ್ಮಿಕರಿಗೆ ಗಟ್ಟಿಯಾಯಿತು. 1893ರಲ್ಲಿ ಗಿಂಪಿಯಿಂದ ಫಿಶರ್ ಶಾಸಕನಾಗಿ ಬ್ರಿಸ್ಬೇನಿಗೆ ಹೋದ. ಹಡಗಿನಿಂದ ಇಳಿದು ಎಂಟು ವರ್ಷ, ವಯಸ್ಸು ಮೂವತ್ತು!

1896ರಲ್ಲಿ ಸೋತ. ಗೆದ್ದವನು ಜೇಕಬ್ ಸ್ಟಮ್, ಊರಿನ 'ಗಿಂಪಿ ಟೈಮ್ಸ್' ಪತ್ರಿಕೆಯ ಒಡೆಯ. ಎದುರಾಳಿಯ ಕೈಯಲ್ಲೇ ಪತ್ರಿಕೆ ಇದ್ದರೆ ಚುನಾವಣೆಯ ಸುದ್ದಿ ಯಾವ ಕಡೆ ವಾಲುತ್ತೆ ಅಂತ ಯಾರಾದರೂ ಊಹಿಸಬಹುದು. ಫಿಶರ್ ಗೊಣಗುತ್ತಾ ಕೂರಲಿಲ್ಲ. ಅದೇ ವರ್ಷ ಸ್ನೇಹಿತರ ಜೊತೆ ಸೇರಿ 'ಗಿಂಪಿ ಟ್ರೂತ್' ಅಂತ ತನ್ನದೇ ಪತ್ರಿಕೆ ಶುರು ಮಾಡಿದ. ಸಂಪಾದಕನಾಗಿ ಬಂದವನು ಹೆನ್ರಿ ಬೂಟ್. ಲಿವರ್‌ಪೂಲಿನವನು, 1889ರಲ್ಲಿ ಬಂದಿಳಿದ ಇನ್ನೊಬ್ಬ ವಲಸಿಗ. ಯಾರೂ ನಮ್ಮ ಮಾತು ಅಚ್ಚು ಹಾಕುವುದಿಲ್ಲ ಅಂದಾಗ ನಾವೇ ಅಚ್ಚು ಹಾಕಿಕೊಳ್ಳೋಣ ಅನ್ನುವ ಈ ಬುದ್ಧಿ, ಬ್ಲಾಗ್ ಬರೆಯುವ ನಮಗಂತೂ ಚೆನ್ನಾಗಿ ಅರ್ಥವಾಗಬೇಕು :)

1899ರಲ್ಲಿ ಮತ್ತೆ ಗೆದ್ದ. ಆ ವರ್ಷದ ಡಿಸೆಂಬರಿನಲ್ಲಿ ಆಂಡರ್ಸನ್ ಡಾಸನ್ ಅನ್ನುವವನ ಮುಂದಾಳತ್ವದಲ್ಲಿ ಒಂದೇ ಒಂದು ವಾರ ಬದುಕಿದ ಸರ್ಕಾರ ಬಂತು. ಜಗತ್ತಿನ ಮೊದಲ ಕಾರ್ಮಿಕ ಪಕ್ಷದ ಸರ್ಕಾರ ಅಂತ ಅದಕ್ಕೆ ಹೆಸರು. ಅದರಲ್ಲಿ ರೈಲು ಮತ್ತು ಲೋಕೋಪಯೋಗಿ ಖಾತೆ ಫಿಶರನಿಗೆ. 1901ರಲ್ಲಿ ವಸಾಹತುಗಳೆಲ್ಲ ಸೇರಿ ಆಸ್ಟ್ರೇಲಿಯಾ ಒಕ್ಕೂಟ ಆದಾಗ ವೈಡ್ ಬೇ ಕ್ಷೇತ್ರದಿಂದ ಮೊದಲ ಸಂಸತ್ತಿಗೆ ಹೋದ. ಅದೇ ವರ್ಷದ ಕೊನೆಯ ದಿನ, ತಾನು ಬಾಡಿಗೆಗಿದ್ದ ಮನೆಯೊಡತಿಯ ಮಗಳು ಮಾರ್ಗರೆಟ್ ಇರ್ವಿನ್‌ಳನ್ನು ಮದುವೆಯಾದ. 1908ರಲ್ಲಿ ಪ್ರಧಾನಿ. 1910ರಲ್ಲಿ ಎರಡೂ ಸದನದಲ್ಲಿ ಬಹುಮತದೊಂದಿಗೆ ಮತ್ತೆ ಪ್ರಧಾನಿ. 1914ರಲ್ಲಿ ಮೂರನೇ ಸಲ. ಕಾಮನ್‌ವೆಲ್ತ್ ಬ್ಯಾಂಕ್ ಸ್ಥಾಪನೆ, ಕ್ಯಾನ್‌ಬೆರಾ ಊರಿನ ಶಂಕುಸ್ಥಾಪನೆ ಎಲ್ಲ ಈತನ ಕಾಲದ್ದೇ. 1911ರಲ್ಲಿ ಗಂಡ ಹೆಂಡತಿ ಲಂಡನ್ನಿಗೆ ಹೋದಾಗ ಮಾರ್ಗರೆಟ್ ಅಲ್ಲಿನ ಹೆಂಗಸರ ಮತದಾನದ ಹಕ್ಕಿನ ಮೆರವಣಿಗೆಯಲ್ಲಿ ನಡೆದಳು. ಆಸ್ಟ್ರೇಲಿಯಾದ ಪ್ರಧಾನಿಯ ಹೆಂಡತಿಗೆ ಮತ ಇತ್ತು, ಬ್ರಿಟನ್ನಿನ ಪ್ರಧಾನಿಯ ಹೆಂಡತಿಗೆ ಇರಲಿಲ್ಲ!

ಇಲ್ಲಿಗೆ ನಿಲ್ಲಿಸಿದರೆ ಇದು ಶಾಲೆಯಲ್ಲಿ ಹೇಳಿಕೊಡುವ ಒಳ್ಳೆಯ ಪಾಠ. ಕಷ್ಟಪಟ್ಟು ಓದು, ಸೇವೆ ಮಾಡು, ದೊಡ್ಡವನಾಗು. ಆದರೆ ಏಣಿಯ ವಿಷಯ ಇನ್ನೂ ಪೂರ್ತಿ ಹೇಳಿಲ್ಲ.

ಸ್ಕಾಟ್ಲೆಂಡಿನಲ್ಲಿ ಕಪ್ಪುಪಟ್ಟಿ ಸೇರಿದ ಹುಡುಗ ಕ್ವೀನ್ಸ್‌ಲ್ಯಾಂಡಿನಲ್ಲಿ ಎಂಟು ವರ್ಷದಲ್ಲಿ ಶಾಸಕನಾದದ್ದು ಹೇಗೆ? ಆತನ ಯೋಗ್ಯತೆ ಬದಲಾಗಿರಲಿಲ್ಲ, ನೆಲದ ಕಾನೂನು ಬೇರೆಯಿತ್ತು. ಕ್ವೀನ್ಸ್‌ಲ್ಯಾಂಡಿನಲ್ಲಿ ಆಗಲೇ ವಯಸ್ಕ ಗಂಡಸರಿಗೆಲ್ಲ ಮತ ಇತ್ತು. ಬ್ರಿಟಿಷ್ ಪ್ರಜೆಯಾಗಿದ್ದು ಕ್ಷೇತ್ರದಲ್ಲಿ ಆರು ತಿಂಗಳು ವಾಸ ಇದ್ದರೆ ಸಾಕು, ಆಸ್ತಿ ಬೇಕಿರಲಿಲ್ಲ. ಶಾಸಕರಿಗೆ ಸಂಬಳ ಕೊಡುವ ಪದ್ಧತಿ 1880ರ ದಶಕದಲ್ಲೇ ಬಂದಿತ್ತು. ಬ್ರಿಟನ್ನಿನಲ್ಲಿ ಸಂಸದರಿಗೆ ಸಂಬಳ ಶುರುವಾದದ್ದು 1911ರಲ್ಲಿ. ಸಂಬಳ ಇಲ್ಲದ ಕಡೆ ಗಣಿ ಕೂಲಿಯವನು ಶಾಸಕನಾಗುವುದು ಹೇಗೆ? ಹೊಟ್ಟೆಗೆ ಏನು ಮಾಡಬೇಕು? ಹಾಗಾಗಿ ಮತ, ಸಂಬಳ, ಸಂಘ ಕಟ್ಟುವ ಅವಕಾಶ, ಈ ಮೂರು ಮೆಟ್ಟಿಲುಗಳು ಅಲ್ಲಿದ್ದವು. ಹುಡುಗ ಹತ್ತಿದ. ಹತ್ತುವ ಶಕ್ತಿ ಅವನದು, ಏಣಿ ಊರಿನದು.

ಅದೇ ಏಣಿಯ ಮುಂದೆ ನಮ್ಮವನೊಬ್ಬನನ್ನು ನಿಲ್ಲಿಸಿ ನೋಡಿ. ಫಿಶರ್ ಬಂದಿಳಿದ ಅದೇ 1885ರಲ್ಲಿ ಕ್ವೀನ್ಸ್‌ಲ್ಯಾಂಡ್ ಒಂದು ಚುನಾವಣಾ ಕಾಯ್ದೆ ಮಾಡಿತು. ಆಸ್ಟ್ರೇಲಿಯಾದ ಮೂಲನಿವಾಸಿಗಳು, ಭಾರತದವರು, ಚೀನಾದವರು, ದಕ್ಷಿಣ ಸಮುದ್ರದ ದ್ವೀಪಗಳವರು, ಇವರು ಯಾರೂ ಸ್ವಂತ ಜಮೀನಿನ ಅರ್ಹತೆ ಇಲ್ಲದೆ ಮತದಾರರ ಪಟ್ಟಿಗೆ ಸೇರುವಂತಿಲ್ಲ ಅಂತ ಅದರಲ್ಲಿತ್ತು. 1905ರಲ್ಲಿ ಆ ಕಿಂಡಿಯೂ ಮುಚ್ಚಿತು. ಅದೇ 1905ರ ಕಾಯ್ದೆ ಕ್ವೀನ್ಸ್‌ಲ್ಯಾಂಡಿನ ಬಿಳಿಯ ಹೆಂಗಸರಿಗೆ ಮತ ಕೊಟ್ಟಿತು. ಒಂದೇ ಕಾಗದದಲ್ಲಿ ಒಂದು ಬಾಗಿಲು ತೆರೆಯಿತು, ಇನ್ನೊಂದು ಮುಚ್ಚಿತು.

ಭಾರತದವನೂ ಬ್ರಿಟಿಷ್ ಪ್ರಜೆಯೇ ತಾನೇ? 1858ರಲ್ಲಿ ವಿಕ್ಟೋರಿಯಾ ರಾಣಿ ಘೋಷಣೆ ಹೊರಡಿಸಿ, ಉಳಿದ ಪ್ರಜೆಗಳ ಬಗ್ಗೆ ತನಗಿರುವ ಕರ್ತವ್ಯವೇ ಭಾರತದ ಪ್ರಜೆಗಳ ಬಗ್ಗೆಯೂ ಇದೆ ಅಂತ ಮಾತು ಕೊಟ್ಟಿದ್ದಳು. ಒಂದೇ ರಾಣಿ, ಒಂದೇ ಸಾಮ್ರಾಜ್ಯ. ಪಂಜಾಬಿನಿಂದ ಬಂದು ಊರೂರು ಸುತ್ತಿ ಬಟ್ಟೆ ಮಾರುತ್ತಿದ್ದವನೂ, ಸ್ಕಾಟ್ಲೆಂಡಿನಿಂದ ಬಂದು ಗಣಿಗಿಳಿದವನೂ ಕಾಗದದ ಮೇಲೆ ಸಮ. ಮತದಾರರ ಪಟ್ಟಿಯಲ್ಲಿ ಮಾತ್ರ ಒಬ್ಬ ಒಳಗೆ, ಒಬ್ಬ ಹೊರಗೆ. ಚಿನ್ನದ ಗಣಿ ಅಂದ ತಕ್ಷಣ ನಮಗೆ ನೆನಪಾಗುವುದು ಕೋಲಾರ. ಜಾನ್ ಟೇಲರ್ ಕಂಪನಿ 1880ರಲ್ಲಿ ಅಲ್ಲಿ ಕಾಲಿಟ್ಟಿತು, ಅಂದರೆ ಫಿಶರ್ ಗಿಂಪಿಯಲ್ಲಿದ್ದ ಕಾಲದಲ್ಲೇ ಇಲ್ಲೂ ಆಳದ ಗಣಿಗಳಿಗೆ ಜನ ಇಳಿಯುತ್ತಿದ್ದರು. ಅದೇ ಬಂಡೆ, ಅದೇ ಧೂಳು, ಅದೇ ಬ್ರಿಟಿಷ್ ಬಂಡವಾಳ. 1881ರಲ್ಲಿ ಶುರುವಾಗಿದ್ದ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ ಜಮೀನ್ದಾರರೂ ವ್ಯಾಪಾರಿಗಳೂ ಕೂರುತ್ತಿದ್ದರು. ಗಣಿ ಕೂಲಿಯವನಿಗೆ ಅಲ್ಲಿ ಜಾಗ ಎಲ್ಲಿ?

ಇಷ್ಟರಲ್ಲಿ ಫಿಶರನ ತಪ್ಪೇನೂ ಇಲ್ಲ. ಕಾನೂನು ಅವನು ಬರುವ ಹೊತ್ತಿಗೆ ಆಗಿತ್ತು. ಆದರೆ ಮೇಲೆ ಹತ್ತಿದ ಮೇಲೆ ಮಾಡಿದ್ದೇನು? 1901ರಲ್ಲಿ ಹೊಸ ಸಂಸತ್ತು ಮಾಡಿದ ಮೊದಮೊದಲ ಕಾನೂನುಗಳಲ್ಲಿ ವಲಸೆ ನಿರ್ಬಂಧ ಕಾಯ್ದೆ ಒಂದು. ಬಂದವನಿಗೆ ಯುರೋಪಿನ ಯಾವುದಾದರೂ ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಕೊಡುವುದು. ಬರೆಯಲಾಗದಿದ್ದರೆ ವಾಪಸ್. ಯಾವ ಭಾಷೆ ಅಂತ ಆರಿಸುವವನು ಅಧಿಕಾರಿ! ಬೇಡದವನನ್ನು ಫೇಲು ಮಾಡುವುದಕ್ಕೆಂದೇ ಇಟ್ಟ ಪರೀಕ್ಷೆ ಅದು. ಅದೇ ವರ್ಷ ಇನ್ನೊಂದು ಕಾಯ್ದೆ, ಕಬ್ಬಿನ ತೋಟಗಳಿಗೆ ಕರೆತಂದಿದ್ದ ಪೆಸಿಫಿಕ್ ದ್ವೀಪಗಳವರನ್ನು ಹೊರಹಾಕುವುದಕ್ಕೆ. 1863ರಿಂದ 1904ರವರೆಗೆ ಹೀಗೆ ಕ್ವೀನ್ಸ್‌ಲ್ಯಾಂಡಿಗೆ ತಂದವರು ಸುಮಾರು 62,000 ಜನ, ಕೆಲವರನ್ನು ಮೋಸದಿಂದ, ಕೆಲವರನ್ನು ಬಲವಂತದಿಂದ. 1902ರ ಮತದಾನ ಕಾಯ್ದೆ ಬಿಳಿಯ ಹೆಂಗಸರಿಗೆ ದೇಶದ ಮತ ಕೊಟ್ಟು, ಮೂಲನಿವಾಸಿಗಳನ್ನೂ ಏಷ್ಯಾ, ಆಫ್ರಿಕಾದವರನ್ನೂ ಹೊರಗಿಟ್ಟಿತು. ಬಿಳಿ ಆಸ್ಟ್ರೇಲಿಯಾ ಅನ್ನುವ ಈ ನೀತಿಯ ಹಿಂದೆ ಗಟ್ಟಿಯಾಗಿ ನಿಂತಿದ್ದು ಕಾರ್ಮಿಕ ಪಕ್ಷ. ಫಿಶರ್ ಅದರ ಜೊತೆಗೇ ಇದ್ದ. 1912ರಲ್ಲಿ ಪ್ರಧಾನಿಯಾಗಿ ಬಾಣಂತಿಯರಿಗೆ 5 ಪೌಂಡಿನ ಭತ್ಯೆ ತಂದ. ಮದುವೆಯಾಗದ ತಾಯಂದಿರಿಗೂ ಕೊಟ್ಟಿದ್ದು ಆ ಕಾಲಕ್ಕೆ ದೊಡ್ಡ ಧೈರ್ಯ. ಆದರೆ ಏಷ್ಯಾದ ತಾಯಂದಿರಿಗೆ, ಮೂಲನಿವಾಸಿ ತಾಯಂದಿರಿಗೆ ಇಲ್ಲ.

ಹತ್ತಿದ ಏಣಿಯನ್ನೇ ಒದೆಯುವುದು ಅಂತ ನಮ್ಮಲ್ಲಿ ಹೇಳುತ್ತೇವಲ್ಲ, ಇದು ಅದೇ.

ಇದಕ್ಕೆ ಎರಡು ಸಮಾಧಾನ ಹೇಳುವವರಿದ್ದಾರೆ. ಮೊದಲನೆಯದು ಕೂಲಿಯ ವಾದ. ತೋಟದ ಮಾಲೀಕರು ದ್ವೀಪದವರನ್ನು ತಂದದ್ದು ಕಡಿಮೆ ಕೂಲಿಗೆ, ಅದರಿಂದ ಎಲ್ಲರ ಕೂಲಿಯೂ ಬೀಳುತ್ತಿತ್ತು, ಕಾರ್ಮಿಕ ಸಂಘ ಸುಮ್ಮನಿರಬೇಕಿತ್ತಾ ಅಂತ. ಈ ವಾದದಲ್ಲಿ ಅರ್ಧ ನಿಜ ಇದೆ. ಮಾಲೀಕರ ಲೆಕ್ಕ ಇದ್ದದ್ದೇ ಹಾಗೆ. ಆದರೆ ಅದಕ್ಕೆ ಮದ್ದು, ಆ ಕೂಲಿಯವರನ್ನೂ ಸಂಘಕ್ಕೆ ಸೇರಿಸಿಕೊಂಡು ಎಲ್ಲರಿಗೂ ಒಂದೇ ಕೂಲಿ ಕೇಳುವುದು. ಹದಿನೇಳನೇ ವಯಸ್ಸಿಗೆ ಸಂಘ ಕಟ್ಟಿದವನಿಗೆ ಇದು ಗೊತ್ತಿರಲಿಲ್ಲ ಅಂದರೆ ನಂಬುವುದು ಕಷ್ಟ. ಮೋಸ ಮಾಡಿದ ಮಾಲೀಕನನ್ನು ಬಿಟ್ಟು ಮೋಸಹೋದವನನ್ನು ಹಡಗು ಹತ್ತಿಸಿ ಕಳಿಸಿದ್ದು ಯಾವ ನ್ಯಾಯ?

ಎರಡನೆಯದು ಕಾಲದ ವಾದ. "ಆಗಿನ ಕಾಲದಲ್ಲಿ ಎಲ್ಲರೂ ಹಾಗೇ ಇದ್ದರು." ಇಲ್ಲ, ಎಲ್ಲರೂ ಹಾಗೆ ಇರಲಿಲ್ಲ. ಅದೇ ಮೊದಲ ಸಂಸತ್ತಿನ ಸೆನೆಟಿನಲ್ಲಿ ಎಡ್ವರ್ಡ್ ಪುಲ್ಸ್‌ಫರ್ಡ್ ಅನ್ನುವವನಿದ್ದ. ಇಂಗ್ಲೆಂಡಿನಲ್ಲಿ ಹುಟ್ಟಿ ಬಂದವನೇ. ಬಿಳಿ ಆಸ್ಟ್ರೇಲಿಯಾ ನೀತಿಯನ್ನು ಬಿಡದೆ ವಿರೋಧಿಸಿದ. ಇನ್ನು ಫಿಶರನ ಹಳೆಯ ಗೆಳೆಯ ಕೀರ್ ಹಾರ್ಡಿ 1907ರಲ್ಲಿ ಭಾರತಕ್ಕೆ ಬಂದು ಸುತ್ತಾಡಿ, ಇವರಿಗೆ ಸ್ವಂತ ಆಡಳಿತ ಕೊಡಿ ಅಂತ ಹೇಳಿ ಬ್ರಿಟನ್ನಿನ ಪತ್ರಿಕೆಗಳಿಂದ ಬೈಸಿಕೊಂಡ. ಹಾರ್ಡಿ ಏನೂ ದೇವರಲ್ಲ. ಇಪ್ಪತ್ತು ವರ್ಷ ಮುಂಚೆ ಏರ್‌ಶೈರ್‌ಗೆ ಕೆಲಸಕ್ಕೆ ಬಂದ ಪೂರ್ವ ಯುರೋಪಿನವರ ವಿರುದ್ಧ ಒರಟಾಗಿ ಬರೆದಿದ್ದವನೇ. ಆದರೆ ಮನುಷ್ಯ ಬದಲಾಗಬಹುದು ಅನ್ನುವುದಕ್ಕೂ ಅವನೇ ಸಾಕ್ಷಿ. ಒಂದೇ ಗಣಿ ಸೀಮೆಯಿಂದ, ಒಂದೇ ಸಂಘದಿಂದ ಬಂದ ಇಬ್ಬರು. ಒಬ್ಬನಿಗೆ ಸಮಾನತೆ ಅಂದರೆ ತನ್ನ ಬಣ್ಣದವರ ಸಮಾನತೆ. ಇನ್ನೊಬ್ಬನಿಗೆ ಅದು ನಿಧಾನವಾಗಿ ಅಗಲವಾಯಿತು. ಕಾಲ ಇಬ್ಬರಿಗೂ ಒಂದೇ ಇತ್ತು.

ಭಾರತೀಯರಿಗೆ ಆಸ್ಟ್ರೇಲಿಯಾದ ಮತ ಹೇಗೆ ಸಿಕ್ಕಿತು ಅನ್ನುವುದನ್ನು ಇಲ್ಲೇ ಹೇಳಿಬಿಡಬೇಕು. 1922ರಲ್ಲಿ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು ಆಸ್ಟ್ರೇಲಿಯಾ ಪ್ರವಾಸ ಮಾಡಿ, ಅಲ್ಲಿ ನೆಲೆಸಿರುವ ಭಾರತೀಯರಿಗೆ ಮತ ಕೊಡಿ ಅಂತ ಕೇಳಿದರು. ಸಭೆಗಳಲ್ಲಿ ಚಪ್ಪಾಳೆ ಬಂತು, ಮತ ಬರಲಿಲ್ಲ. 1924ರಲ್ಲಿ ಮೆಲ್ಬರ್ನಿನಲ್ಲಿದ್ದ ಮಿಟ್ಟಾ ಬುಲ್ಲೋಶ್ ಅನ್ನುವ ಭಾರತೀಯ ಕೋರ್ಟಿಗೆ ಹೋದ. ರಾಜ್ಯದ ಮತ ಇರುವವನಿಗೆ ದೇಶದ ಮತ ತಪ್ಪಿಸುವಂತಿಲ್ಲ ಅಂತ ಸಂವಿಧಾನದ 41ನೇ ಕಲಮು ಹೇಳುತ್ತೆ, ನನಗೆ ವಿಕ್ಟೋರಿಯಾ ರಾಜ್ಯದ ಮತ ಇದೆ, ಹಾಗಾದರೆ ದೇಶದ್ದು ಎಲ್ಲಿ ಅಂತ ಕೇಳಿದ. ಗೆದ್ದ! 1925ರಲ್ಲಿ ಸರ್ಕಾರ ಕಾಯ್ದೆ ತಿದ್ದಿ ಬ್ರಿಟಿಷ್ ಇಂಡಿಯಾದವರಿಗೆ ಮತ ಕೊಟ್ಟಿತು. ಆ ದೇಶದ ನಿಜವಾದ ಒಡೆಯರಾದ ಮೂಲನಿವಾಸಿಗಳೆಲ್ಲರಿಗೂ ದೇಶದ ಮತ ಸಿಕ್ಕಿದ್ದು 1962ರಲ್ಲಿ. "ಅವರ ರಾಜಕೀಯ ನಮಗ್ಯಾಕೆ" ಅಂತ ಬುಲ್ಲೋಶ್ ಅಂದುಕೊಂಡಿದ್ದರೆ? ಅವತ್ತು ಆತ ತಲೆ ಎತ್ತಿದ್ದರಿಂದಲೇ ಅಲ್ಲವೇ ಉಳಿದವರಿಗೂ ದಾರಿಯಾದದ್ದು?

ಬ್ರಿಟನ್ನಿನಿಂದ ಬಂದವರಿಗೆ ಇದ್ದ ಆ ರಾಜಮಾರ್ಗ ನಿಧಾನವಾಗಿ ಕಿರಿದಾಗಿದೆ. ಆಸ್ಟ್ರೇಲಿಯಾ ಪೌರತ್ವ ಅನ್ನುವುದು ಹುಟ್ಟಿದ್ದೇ 1949ರಲ್ಲಿ. ಅದಾದ ಮೇಲೂ ಎಷ್ಟೋ ಕಾಲ ಬ್ರಿಟಿಷರು ಪೌರತ್ವ ತೆಗೆದುಕೊಳ್ಳದೆಯೇ ಮತ ಹಾಕುತ್ತಿದ್ದರು. 1984ರ ಜನವರಿ 26ಕ್ಕೆ ಮುಂಚೆ ಪಟ್ಟಿಯಲ್ಲಿ ಹೆಸರಿದ್ದ ಬ್ರಿಟಿಷ್ ಪ್ರಜೆಗಳಿಗೆ ಆ ಹಕ್ಕು ಉಳಿಯಿತು, ಹೊಸಬರಿಗೆ ಪೌರತ್ವ ಬೇಕಾಯಿತು. 1999ರಲ್ಲಿ ಹೀದರ್ ಹಿಲ್ ಅನ್ನುವವರ ಮೊಕದ್ದಮೆಯಲ್ಲಿ ಅಲ್ಲಿನ ಹೈಕೋರ್ಟು, ಬ್ರಿಟನ್ ಕೂಡ ನಮಗೆ ವಿದೇಶವೇ ಅಂತ ತೀರ್ಪು ಕೊಟ್ಟಿತು. ಬ್ರಿಟಿಷ್ ಪೌರತ್ವ ಇಟ್ಟುಕೊಂಡು ಸಂಸತ್ತಿಗೆ ನಿಲ್ಲುವ ಹಾಗಿಲ್ಲ ಅಂತಾಯಿತು. ಹಾಗಂತ ಬ್ರಿಟನ್ನಿನಲ್ಲಿ ಹುಟ್ಟಿದವರಿಗೆ ದಾರಿ ಮುಚ್ಚಿಲ್ಲ. ವೇಲ್ಸಿನಿಂದ ಮಗುವಾಗಿದ್ದಾಗ ಅಪ್ಪ ಅಮ್ಮನ ಜೊತೆ 1966ರಲ್ಲಿ ಅಡಿಲೇಡಿಗೆ ಬಂದ ಜೂಲಿಯಾ ಗಿಲಾರ್ಡ್ 2010ರಲ್ಲಿ ಪ್ರಧಾನಿಯಾದರು. ಲಂಡನ್ನಿನಲ್ಲಿ ಹುಟ್ಟಿದ ಜೇನ್ ಲೊಮ್ಯಾಕ್ಸ್ ಸ್ಮಿತ್ ಅನ್ನುವ ವೈದ್ಯೆ 1997ರಲ್ಲಿ ಅಡಿಲೇಡಿನ ಲಾರ್ಡ್ ಮೇಯರ್ ಆದರು, 2022ರಲ್ಲಿ ಮತ್ತೆ ಗೆದ್ದರು.

ನಮ್ಮವರ ದಾರಿಯೂ ಅಲ್ಲಿಂದಲೇ, ಅಂದರೆ ಊರಿನ ಕೌನ್ಸಿಲ್‌ನಿಂದಲೇ ಶುರುವಾಗಬೇಕು ಅನ್ನೋದು ನನ್ನ ವಾದ. ಕಸ, ಚರಂಡಿ, ಲೈಬ್ರರಿ, ಮಕ್ಕಳ ಆಟದ ಬಯಲು, ಕ್ರಿಕೆಟ್ ಮೈದಾನ, ಮನೆ ಕಟ್ಟುವ ಪರವಾನಗಿ, ಎಲ್ಲ ಕೌನ್ಸಿಲ್ ಕೈಯಲ್ಲಿ. ನಾವು ರಾಜ್ಯೋತ್ಸವ ಮಾಡುವ ಸಮುದಾಯ ಭವನ ಬಹಳ ಕಡೆ ಕೌನ್ಸಿಲ್ಲಿನದೇ. ದೇವಸ್ಥಾನ ಕಟ್ಟಬೇಕಾದರೂ ಅರ್ಜಿ ಹೋಗುವುದು ಅಲ್ಲಿಗೇ. ಅರ್ಜಿ ತಿರಸ್ಕಾರವಾದಾಗ "ಅವರಿಗೆ ನಾವಂದ್ರೆ ಆಗಲ್ಲ" ಅಂತ ಗೊಣಗುತ್ತೇವೆ. ಅದು ಚರ್ಚೆಯಾದ ಸಭೆಗೆ ನಮ್ಮಲ್ಲಿ ಎಷ್ಟು ಜನ ಹೋಗಿರುತ್ತೇವೆ? 2021ರ ಜನಗಣತಿಯಲ್ಲಿ ಪರದೇಶದಲ್ಲಿ ಹುಟ್ಟಿದ ಆಸ್ಟ್ರೇಲಿಯಾ ನಿವಾಸಿಗಳಲ್ಲಿ ಇಂಗ್ಲೆಂಡಿನವರ ನಂತರ ಎರಡನೇ ಸ್ಥಾನ ಭಾರತದವರದೇ ಆಗಿತ್ತು, ಆರೂಮುಕ್ಕಾಲು ಲಕ್ಷದ ಹತ್ತಿರ. ದಾರಿ ಹಿಡಿದವರೂ ಇದ್ದಾರೆ. ಭಾರತದಲ್ಲಿ ಹುಟ್ಟಿದ ಸಮೀರ್ ಪಾಂಡೆ 2023ರಲ್ಲಿ ಪ್ಯಾರಮಟ್ಟಾದ ಲಾರ್ಡ್ ಮೇಯರ್ ಆದರು. ದಕ್ಷಿಣ ಆಸ್ಟ್ರೇಲಿಯಾದಲ್ಲಂತೂ 2022ರ ಕೌನ್ಸಿಲ್ ಚುನಾವಣೆಯಲ್ಲಿ ಪೌರತ್ವ ಇಲ್ಲದ ನಿವಾಸಿಗಳೂ ಅರ್ಜಿ ಕೊಟ್ಟು ಮತ ಹಾಕಬಹುದಿತ್ತು. ಬಾಗಿಲು ಕೊಂಚ ತೆರೆದಿರುವಾಗಲೂ ನಾವು ಹೊರಗೇ ನಿಂತು ಒಳಗೆ ಕರೆಯಲಿಲ್ಲ ಅಂದರೆ ಏನು ಹೇಳೋಣ?

ನಮಗೆ ಬ್ರಿಟಿಷರಿಗಿಂತ ಒಂದು ಕಷ್ಟ ಜಾಸ್ತಿ, ಒಪ್ಪುತ್ತೇನೆ. ಅವರು ಎರಡೂ ಪೌರತ್ವ ಇಟ್ಟುಕೊಂಡು ಕೌನ್ಸಿಲ್‌ಗೆ ನಿಲ್ಲಬಹುದು. ಭಾರತ ಎರಡು ಪೌರತ್ವಕ್ಕೆ ಒಪ್ಪುವುದಿಲ್ಲ. ಅಲ್ಲಿನದು ತೆಗೆದುಕೊಂಡರೆ ಇಲ್ಲಿನ ಪಾಸ್‌ಪೋರ್ಟ್ ವಾಪಸ್ ಕೊಡಬೇಕು. ಕರುಳು ಕತ್ತರಿಸಿದ ಹಾಗೆ ಅನ್ನಿಸುವವರ ಸಂಕಟ ಸುಳ್ಳಲ್ಲ. ಅದು ಅವರವರ ನಿರ್ಧಾರ. ಆದರೆ ಲೈಬ್ರರಿ ಸಮಿತಿ, ಶಾಲೆಯ ಪೋಷಕರ ಸಭೆ, ಕೌನ್ಸಿಲ್ಲಿನ ಸಾರ್ವಜನಿಕ ಸಭೆ, ಇದಕ್ಕೆಲ್ಲ ಯಾವ ಪಾಸ್‌ಪೋರ್ಟೂ ಬೇಡ. ಫಿಶರ್ ಕೂಡ ಶುರು ಮಾಡಿದ್ದು ಭಾನುವಾರದ ಶಾಲೆ, ಸಹಕಾರಿ ಸಂಘಗಳಿಂದ ತಾನೇ?

ಅವನಿಂದ ಕಲಿಯಬೇಕಾದ ಇನ್ನೊಂದು ಪಾಠ ಉಲ್ಟಾ ಪಾಠ. ನಾವು ಒಳಗೆ ಹೋದ ಮೇಲೆ ನಮ್ಮ ಹಿಂದೆ ಬರುವವರಿಗೆ ಏನು ಮಾಡುತ್ತೇವೆ? "ನಾವೆಲ್ಲ ಓದಿ, ಪಾಯಿಂಟ್ಸ್ ಗಳಿಸಿ ಸರಿಯಾದ ದಾರಿಯಲ್ಲಿ ಬಂದವರು. ಈಗ ಬರ್ತಿರೋರಿದ್ದಾರಲ್ಲ..." ಅಂತ ಹೊಸ ವಿದ್ಯಾರ್ಥಿಗಳ ಬಗ್ಗೆ, ನಿರಾಶ್ರಿತರ ಬಗ್ಗೆ ನಮ್ಮವರೇ ಮೂಗು ಮುರಿಯುವುದನ್ನು ಕೇಳಿದ್ದೀರಿ ತಾನೇ? ಊರಿನಲ್ಲಿರುವ ನಾವೂ ಅಷ್ಟೇ. ಬೆಂಗಳೂರಿಗೆ ಕೂಲಿಗೆ ಬಂದವನ ಬಗ್ಗೆ ಒಂದು ಮಾತು, ಮೆಲ್ಬರ್ನಿಗೆ ಹೋದ ನಮ್ಮ ಮಗನ ಬಗ್ಗೆ ಇನ್ನೊಂದು ಮಾತು ಆಡುತ್ತೇವೆ. ಫಿಶರ್ ದುಷ್ಟನಾಗಿರಲಿಲ್ಲ. ಸಜ್ಜನ, ಓದುಗ, ಬಡವರ ಪರ. ಅಂಥವನೇ ಏಣಿ ಒದ್ದ ಅಂದಮೇಲೆ ನಾವೆಲ್ಲ ಇನ್ನೂ ಹುಷಾರಾಗಿರಬೇಕು.

ಬಂದವನಿಗೆ ಒಂದು ಊರು ಎಷ್ಟು ಬೇಗ ತನ್ನ ಕೆಲಸದಲ್ಲಿ ಪಾಲು ಕೊಡುತ್ತೆ ಅನ್ನೋದು ಆ ಊರಿನ ಪರೀಕ್ಷೆ. ಪಾಲು ಸಿಕ್ಕಿದ ಮೇಲೆ ಆತ ಹಿಂದಿನವನಿಗೆ ಕೈ ಕೊಡುತ್ತಾನಾ ಅನ್ನೋದು ಬಂದವನ ಪರೀಕ್ಷೆ. ಗಿಂಪಿ ಫಿಶರನ ಮಟ್ಟಿಗೆ ಪಾಸಾಯಿತು. ಫಿಶರ್ ಎರಡನೆಯದರಲ್ಲಿ ಫೇಲಾದ. ಆ ಎರಡನೇ ಪರೀಕ್ಷೆ ಈಗ ನಮ್ಮ ಮುಂದಿದೆ, ತಲೆ ತಗ್ಗಿಸಿಕೊಂಡು ಕೂತರೆ ಅದಕ್ಕೆ ಹಾಜರಿಯೇ ಹಾಕಿದಂತಾಗುವುದಿಲ್ಲ.

ಪರದೇಶದಲ್ಲಿರುವವರು, ಇಲ್ಲೇ ಇರುವವರು, ನೀವೇನಂತೀರಿ?